ಮೊದಲು ಅರ್ಧ ಗಂಟೆ, ಆಮೇಲೆ ಟ್ರೆಡ್‌ಮಿಲ್

ಪ್ರಶ್ನೆ: ನಾನು ತಿ. ನರಸೀಪುರ ತಾಲ್ಲೂಕಿನ ಮೂಗೂರಿನವಳು. ವಯಸ್ಸು 47. ಮನೆಯಲ್ಲಿ ಅತ್ತೆ, ಯಜಮಾನರು, ನಾನು ಮೂರೇ ಜನ. ಮಗಳನ್ನು ನಂಜನಗೂಡಿಗೆ ಕೊಟ್ಟಿದ್ದೇವೆ. ಅವಳ ಮೂರು ವರ್ಷದ ಮಗು ಆಗಾಗ ಇಲ್ಲೇ ಇರುತ್ತದೆ. ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಸ್ವಲ್ಪ ಗದ್ದೆ ಇದೆ, ಅರ್ಧ ಎಕರೆ ಕಬ್ಬು ಹಾಕಿದ್ದೇವೆ. ಮೊದಲು ರೇಷ್ಮೆ ಹುಳು ಸಾಕುತ್ತಿದ್ದೆವು. ಆಳು ಸಿಗದೆ, ಅತ್ತೆಯವರಿಗೂ ಕೈಲಾಗದೆ, ನಾಲ್ಕು ವರ್ಷದ ಹಿಂದೆ ನಿಲ್ಲಿಸಿದೆವು. ಅಲ್ಲಿಂದ ನಾನು ದಪ್ಪವಾಗುತ್ತಾ ಬಂದೆ. ಈಗ 78 ಕೆಜಿ ಇದ್ದೇನೆ. ಹೋದ ವರ್ಷ ಸಕ್ಕರೆ ಕಾಯಿಲೆ ಇರುವುದು ಗೊತ್ತಾಯಿತು. ಮಾತ್ರೆ ನುಂಗುತ್ತಿದ್ದರೂ ಮೂರು ತಿಂಗಳ ಸರಾಸರಿ ಸಕ್ಕರೆ 8.1 ಬಂದಿದೆ. ಜೊತೆಗೆ ಮಂಡಿ ನೋವು. ದಿನಾ ಅರ್ಧ ಗಂಟೆ ನಡೆಯಲೇಬೇಕು ಅಂತ ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದಾರೆ.

ನಡೆಯುವುದು ಎಲ್ಲಿ ಮೇಡಂ? ಚಿರತೆ ಗಲಾಟೆ ಆದಾಗಿನಿಂದ ಬೆಳಗಿನ ಕತ್ತಲಲ್ಲಿ ಹೊರಗೆ ಹೋಗಲು ಭಯ. ಮೇನ್ ರೋಡಿನಲ್ಲಿ ಲಾರಿ, ಕಬ್ಬಿನ ಟ್ರ್ಯಾಕ್ಟರ್. ಬೀದಿಯಲ್ಲಿ ನಾಯಿ ಕಾಟ. ಎಲ್ಲಕ್ಕಿಂತ ಹೆಚ್ಚಾಗಿ, ನಾನು ಸುಮ್ಮನೆ ನಡೆದು ಹೋಗುತ್ತಿದ್ದರೆ ಕಂಡವರೆಲ್ಲ "ಎಲ್ಗವ್ವಾ ಹೊಂಟೆ?" ಅಂತ ಕೇಳುತ್ತಾರೆ. "ಎಲ್ಗೂ ಇಲ್ಲ" ಅಂದರೆ ನಗುತ್ತಾರೆ. ಕೆಲವು ದಿನ ಹೋದೆ, ನಾಚಿಕೆಯಾಗಿ ಬಿಟ್ಟುಬಿಟ್ಟೆ.

ಇದನ್ನು ಕೇಳಿ ಮಗ, "ನಿನಗೆ ಟ್ರೆಡ್‌ಮಿಲ್ ಕೊಡಿಸ್ತೀನಿ, ಮನೆಯಲ್ಲೇ ನಡಿ" ಅಂತ ಹಟ ಹಿಡಿದಿದ್ದಾನೆ. 38 ಸಾವಿರವಂತೆ, ಕಂತಿನ ಮೇಲೆ. ಆಫರ್ ಈ ತಿಂಗಳ ಕೊನೆವರೆಗೆ ಮಾತ್ರವಂತೆ. ಯಜಮಾನರು, "ಗದ್ದೆ ತಾವ ಹೋಗಿ ಬಾ. ನಿಂತ ಜಾಗದಲ್ಲೇ ನಡಿಯಾಕೆ ನಲವತ್ತು ಸಾವಿರ ಸುರೀಬೇಕಾ?" ಅನ್ನುತ್ತಾರೆ. ಅತ್ತೆ, "ಮನೆಗೆಲಸ ಸರಿಯಾಗಿ ಮಾಡಿದ್ರೆ ಮಿಷಿನ್ ಯಾಕವ್ವ?" ಅನ್ನುತ್ತಾರೆ. ನಂಜನಗೂಡಿನ ನಾದಿನಿ ಮನೆಯಲ್ಲಿ ಇಂಥದ್ದೊಂದು ಇದೆ. ಅದರ ಮೇಲೆ ಈಗ ಒಗೆದ ಬಟ್ಟೆ ಒಣಗುತ್ತವೆ. ತೆಗೆದುಕೊಂಡರೆ ಮಗನ ದುಡ್ಡು ಹಾಳಾಗುತ್ತದೋ, ಬೇಡವೆಂದರೆ ಅವನ ಮನಸ್ಸು ನೋಯುತ್ತದೋ ತಿಳಿಯುತ್ತಿಲ್ಲ. ದಾರಿ ತೋರಿಸಿ.

— ಓರ್ವ ತಾಯಿ, ಮೂಗೂರು

ಉತ್ತರ: ಪ್ರಿಯ ಸಹೋದರಿ,

ನೇರ ಉತ್ತರ ಮೊದಲು ಹೇಳಿಬಿಡುತ್ತೇನೆ. ಈ ತಿಂಗಳು ಟ್ರೆಡ್‌ಮಿಲ್ ತೆಗೆದುಕೊಳ್ಳಬೇಡಿ. ಆರು ವಾರ ತಡೆಯಿರಿ. ಆ ಆರು ವಾರದಲ್ಲಿ ದಿನಕ್ಕೆ ಅರ್ಧ ಗಂಟೆ ಎಂಬುದು ನಿಮ್ಮ ಮನೆಯಲ್ಲಿ ನಿಮಗಾಗಿಯೇ ನಿಂತುಬಿಟ್ಟರೆ, ಧಾರಾಳವಾಗಿ ತೆಗೆದುಕೊಳ್ಳಿ. ನಿಮ್ಮ ಊರಿನ ಪರಿಸ್ಥಿತಿಯಲ್ಲಿ ಅದು ದಂಡದ ಖರ್ಚೇನೂ ಅಲ್ಲ. ಅರ್ಧ ಗಂಟೆ ನಿಲ್ಲದೇ ಹೋದರೆ ಎಷ್ಟೇ ಬೆಲೆಯ ಮಿಷಿನ್ ಬಂದರೂ ಅದನ್ನು ನಿಲ್ಲಿಸಿಕೊಡಲಾರದು. ನಿಮ್ಮ ನಾದಿನಿಯವರ ಮನೆಯಲ್ಲಿ ಆಗಿರುವುದು ಬಹುಶಃ ಇದೇ. ಮಿಷಿನ್ ಬಂತು, ಅದರ ಮೇಲೆ ಹತ್ತುವ ಹೊತ್ತು ಬರಲಿಲ್ಲ.

ಆ ಹೊತ್ತು ಯಾಕೆ ಇಷ್ಟು ಮುಖ್ಯ ಎಂದು ಹೇಳುವ ಮುಂಚೆ ಇನ್ನೊಂದು ಮಾತು. ನಿಮ್ಮ ಪತ್ರದ ಸಾಲುಗಳ ಒಳಗೆ ಒಂದು ತಪ್ಪಿತಸ್ಥ ಭಾವ ಇದೆ. ದಪ್ಪವಾದದ್ದು, ಕಾಯಿಲೆ ಬಂದದ್ದು ನಿಮ್ಮ ಸೋಮಾರಿತನದಿಂದ ಎಂದು ನೀವೂ ನಂಬತೊಡಗಿದ್ದೀರಿ. ಹಾಗೆ ನಂಬಬೇಡಿ. ಹುಳು ಸಾಕಿದ ದಿನಗಳನ್ನು ನೆನೆಸಿಕೊಳ್ಳಿ. ಹೊತ್ತಾರೆ ತೋಟಕ್ಕೆ ಹೋಗಿ ಹಿಪ್ಪುನೇರಳೆ ಕಡ್ಡಿ ಕೊಯ್ದು, ಹೊರೆ ಹೊತ್ತು ತಂದು, ದಿನಕ್ಕೆ ಮೂರು ನಾಲ್ಕು ಸಲ ಸೊಪ್ಪು ಹಾಕಿ, ಹಾಸಿಗೆಯ ಕಸ ತೆಗೆದು, ಹಣ್ಣಾದ ಹುಳು ಆಯ್ದು ಗೂಡು ಕಟ್ಟಲು ಚಂದ್ರಿಕೆಗೆ ಬಿಡುತ್ತಿದ್ದವರು ನೀವು. ನಾಲ್ಕನೇ ಜ್ವರ, ಅಂದರೆ ಪೊರೆ ಕಳಚುವ ಹಂತ, ಎದ್ದ ಮೇಲೆ ಹುಳು ತನ್ನ ಬಾಳಿನ ಒಟ್ಟು ಸೊಪ್ಪಿನಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚನ್ನು ಆ ಕೊನೆಯ ಏಳೆಂಟು ದಿನಗಳಲ್ಲೇ ತಿಂದು ಮುಗಿಸುತ್ತದೆ. ಆ ದಿನಗಳಲ್ಲಿ ಹುಳುಮನೆಯ ಹೆಂಗಸು ಕೂತು ಉಂಡದ್ದಿಲ್ಲ. ವರ್ಷಕ್ಕೆ ಹಲವು ಬೆಳೆ ತೆಗೆದ ಮನೆಯಲ್ಲಿ ನಿಮ್ಮ ಮೈಗೆ ಆಗುತ್ತಿದ್ದ ದುಡಿಮೆ ಯಾವ ಜಿಮ್‌ಗೂ ಕಡಿಮೆಯದಲ್ಲ. ಆ ದುಡಿಮೆ ಒಂದು ದಿನ ನಿಂತಿತು. ಊಟ ಮಾತ್ರ ಹಾಗೇ ಉಳಿಯಿತು. ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಮಧುಮೇಹವಿದೆ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನ ದೊಡ್ಡ ಅಧ್ಯಯನವೊಂದು 2023ರಲ್ಲಿ ಹೇಳಿತು. ಅವರಲ್ಲಿ ಎಷ್ಟೋ ಜನರ ಕತೆ ನಿಮ್ಮದರಂತೆಯೇ ಇದೆ. ಕೆಲಸ ಬದಲಾಯಿತು, ಮೈಗೆ ಅದನ್ನು ತಿಳಿಸಿ ಹೇಳಲು ಯಾರಿಗೂ ಬಿಡುವಾಗಲಿಲ್ಲ.

ಮನೆಯವರ ಮಾತಿನಲ್ಲಿ ಎಷ್ಟು ಸರಿ, ಎಷ್ಟು ತಪ್ಪು

ಅತ್ತೆಯವರ ಮಾತನ್ನು ತೆಗೆದುಹಾಕಬೇಡಿ. ಅವರ ಕಾಲದ ಮನೆಗೆಲಸ ನಿಜವಾಗಿಯೂ ವ್ಯಾಯಾಮವೇ ಆಗಿತ್ತು. ನೀರು ಸೇದುವುದು, ಬೀಸುವುದು, ಕುಟ್ಟುವುದು, ಸೌದೆ ಹೊರುವುದು. ಈಗ ನಲ್ಲಿ ಇದೆ, ಮಿಕ್ಸಿ ಇದೆ, ಗ್ಯಾಸ್ ಇದೆ. ಇವೆಲ್ಲ ಬಂದದ್ದು ಒಳ್ಳೆಯದೇ. ಆದರೆ ಇವತ್ತಿನ ಮನೆಗೆಲಸದಲ್ಲಿ ನಾವು ದಿನವಿಡೀ ನಿಂತಿರುತ್ತೇವೆ, ದಣಿಯುತ್ತೇವೆ. ಎದೆಬಡಿತ ಏರುವಷ್ಟು, ಉಸಿರು ಬಿರುಸಾಗುವಷ್ಟು ಕೆಲಸ ಒಂದೇ ಸಮನೆ ಹತ್ತು ನಿಮಿಷ ನಡೆಯುವುದು ಅಪರೂಪ. ಸಕ್ಕರೆ ಇಳಿಯಬೇಕಾದರೆ ಕಾಲಿನ ದೊಡ್ಡ ಮಾಂಸಖಂಡಗಳು ಬಿಡದೆ ದುಡಿಯಬೇಕು. ರಕ್ತದಲ್ಲಿರುವ ಸಕ್ಕರೆಯನ್ನು ಎಳೆದುಕೊಂಡು ಖರ್ಚು ಮಾಡುವುದು ಅವೇ.

ಯಜಮಾನರ ಮಾತೂ ಅರ್ಧ ಸರಿ. ನಡೆಯಲು ಮಿಷಿನ್ ಬೇಕೇ ಬೇಕು ಎಂದೇನಿಲ್ಲ. ನೆಲದ ಮೇಲಿನ ನಡಿಗೆಗೂ ಬೆಲ್ಟ್ ಮೇಲಿನ ನಡಿಗೆಗೂ, ವೇಗ ಒಂದೇ ಇದ್ದರೆ, ಲಾಭದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಗದ್ದೆ ಬಯಲಿನ ಗಾಳಿ ಬೆಳಕಂತೂ ಮಿಷಿನ್ ಮೇಲೆ ಸಿಗುವುದಿಲ್ಲ. ಆದರೆ ಅವರು ಗದ್ದೆಗೆ ಹೊರಟರೆ ಯಾರೂ ಅವರನ್ನು ತಡೆದು ಪ್ರಶ್ನೆ ಮಾಡುವುದಿಲ್ಲ. ನಿಮ್ಮನ್ನು ಮಾಡುತ್ತಾರೆ. ಒಂದೇ ರಸ್ತೆ ಇಬ್ಬರಿಗೂ ಒಂದೇ ಥರ ಇಲ್ಲ ಎಂಬುದು ಅವರ ಗಮನಕ್ಕೆ ಬಂದಿಲ್ಲ.

ಇನ್ನು ಚಿರತೆಯ ಭಯ. ಅದನ್ನು ನೆಪ ಎಂದು ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. 2022ರ ಅಕ್ಟೋಬರ್ ಕೊನೆಯಿಂದ 2023ರ ಜನವರಿಯೊಳಗೆ ನಿಮ್ಮ ತಾಲ್ಲೂಕಿನಲ್ಲಿ ಚಿರತೆ ದಾಳಿಗೆ ನಾಲ್ಕು ಜೀವ ಹೋದವು. ಉಕ್ಕಲಗೆರೆಯ ಬೆಟ್ಟ, ಎಸ್. ಕೆಬ್ಬೇಹುಂಡಿ, ಕನ್ನಾಯಕನಹಳ್ಳಿ, ಹೊರಳಹಳ್ಳಿ ಈ ಹೆಸರುಗಳನ್ನು ನಿಮ್ಮ ಕಡೆಯವರು ಮರೆತಿಲ್ಲ. ಸತ್ತವರಲ್ಲಿ ಕಾಲೇಜಿಗೆ ಹೋಗುವ ಮಕ್ಕಳಿದ್ದರು, ಹನ್ನೊಂದು ವರ್ಷದ ಹುಡುಗನಿದ್ದ. ಸರ್ಕಾರ ಮೈಸೂರು ಜಿಲ್ಲೆಗೆಂದೇ ಚಿರತೆ ಕಾರ್ಯಪಡೆ ರಚಿಸಬೇಕಾಯಿತು. ಕಬ್ಬು ಆಳೆತ್ತರ ಬೆಳೆದರೆ ಚಿರತೆಗೆ ಅಡಗಿಕೊಳ್ಳಲು ಬೇರೆ ಕಾಡು ಬೇಕಿಲ್ಲ. ಆದ್ದರಿಂದ ಬೆಳಗಿನ ಜಾವ, ಮುಸ್ಸಂಜೆಯ ಮೇಲೆ, ಕಬ್ಬಿನ ಗದ್ದೆಯ ಪಕ್ಕದ ದಾರಿಯಲ್ಲಿ, ಒಬ್ಬರೇ ನಡೆಯುವುದು ಬೇಡ. ನಗರದ ಪತ್ರಿಕೆಗಳು ಹೇಳುವ ಬೆಳಗಿನ ಐದೂವರೆಯ ವಾಕಿಂಗ್ ನಿಮಗಾಗಿ ಹೇಳಿದ್ದಲ್ಲ.

ಮಗನ ಮಾತಿಗೆ ಬರೋಣ. ತಾಯಿಯ ಸಕ್ಕರೆ 8.1 ಎಂದು ತಿಳಿದು ಅವನಿಗೆ ಭಯವಾಗಿದೆ. ದೂರದಲ್ಲಿರುವ ಮಕ್ಕಳಿಗೆ ಭಯವಾದಾಗ ಕೈಗೆ ಸಿಗುವ ದಾರಿ ಏನನ್ನಾದರೂ ಕೊಂಡು ಕಳಿಸುವುದು. ಅದು ಪ್ರೀತಿಯೇ. ಅದನ್ನು ಬೇಡವೆನ್ನದೆ, ಮುಂದೂಡಿ. ಆಫರ್ ವಿಷಯಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಈ ತಿಂಗಳು ಮುಗಿಯುವ ಆಫರ್ ಮುಂದಿನ ಹಬ್ಬಕ್ಕೆ ಇನ್ನೊಂದು ಹೆಸರಿನಲ್ಲಿ ಬರುತ್ತದೆ.

ಈ ಆರು ವಾರ ಏನು ಮಾಡಬೇಕು

ಮೊದಲು ನಿಮ್ಮ ಡಾಕ್ಟರ ಬಳಿ ಇನ್ನೊಮ್ಮೆ ಹೋಗಿ. ನಡೆದಾಗ ಎದೆ ಹಿಡಿದಂತಾಗುತ್ತದೆಯೇ, ಏದುಸಿರು ಬರುತ್ತದೆಯೇ, ಅಂಗಾಲು ಜೋಮು ಹಿಡಿಯುತ್ತದೆಯೇ ಎಂಬುದನ್ನು ಮುಚ್ಚಿಡದೆ ಹೇಳಿ. ಹೃದಯದ ಬಗ್ಗೆ ಅನುಮಾನವಿದ್ದರೆ ಅವರು ಟಿಎಂಟಿ ಪರೀಕ್ಷೆ ಬರೆದುಕೊಡುತ್ತಾರೆ. ಅದೂ ಟ್ರೆಡ್‌ಮಿಲ್ಲೇ, ಇಳಿಜಾರು ಮತ್ತು ವೇಗ ಏರಿಸುತ್ತಾ ಹೃದಯದ ಬಡಿತವನ್ನು ಓದುತ್ತಾರೆ. ಕಣ್ಣಿನ ಹಿಂಭಾಗದ ಪರೀಕ್ಷೆ ಮಾಡಿಸಿಲ್ಲದಿದ್ದರೆ ಈಗಲೇ ಮಾಡಿಸಿ. ನೀವು ತೆಗೆದುಕೊಳ್ಳುವ ಮಾತ್ರೆಯ ಹೆಸರು ಹೇಳಿ, ನಡೆದಾಗ ಸಕ್ಕರೆ ತೀರಾ ಇಳಿಯುವ ಭಯವಿದೆಯೇ ಎಂದು ಕೇಳಿ. ಕೆಲವು ಮಾತ್ರೆಗಳಲ್ಲಿ, ಇನ್ಸುಲಿನ್‌ನಲ್ಲಿ ಹಾಗಾಗಬಹುದು. ಬೆವರು, ನಡುಕ, ಕಣ್ಣು ಕತ್ತಲೆ ಬಂದರೆ ತಕ್ಷಣ ಕೂತು ಸಕ್ಕರೆಯನ್ನೋ ಗ್ಲೂಕೋಸನ್ನೋ ತೆಗೆದುಕೊಳ್ಳಬೇಕು. ಸೆರಗಿನ ತುದಿಯಲ್ಲಿ ಅಷ್ಟು ಕಟ್ಟಿಕೊಂಡಿರಿ. ಮಂಡಿಯನ್ನೂ ತೋರಿಸಿ.

ಎರಡನೆಯದು, ಶೂ. ಮಗನ ದುಡ್ಡಿನಲ್ಲಿ ಮೊದಲು ಬರಬೇಕಾದದ್ದು ಇದೇ. ಬೆರಳಿಗೆ ಒತ್ತದ, ಅಡಿ ಮೆತ್ತಗಿರುವ ಒಂದು ಜೊತೆ ಶೂ, ನಾಲ್ಕು ಜೊತೆ ಹತ್ತಿಯ ಕಾಲುಚೀಲ. ಸಕ್ಕರೆ ಕಾಯಿಲೆಯವರಿಗೆ ಪಾದದ ಸ್ಪರ್ಶ ನಿಧಾನವಾಗಿ ಕಡಿಮೆಯಾಗಬಹುದು. ಚುಚ್ಚಿದ ಮುಳ್ಳು, ಎದ್ದ ಬೊಬ್ಬೆ ತಿಳಿಯದೆ ಹುಣ್ಣಾಗಬಹುದು. ಬರಿಗಾಲಲ್ಲಿ ನಡೆಯುವ ಅಭ್ಯಾಸ ಈಗ ಬಿಡಿ, ಅಂಗಳದಲ್ಲೂ. ರಾತ್ರಿ ಮಲಗುವ ಮುಂಚೆ ಎರಡೂ ಅಂಗಾಲು ನೋಡಿಕೊಳ್ಳಿ. ಸೀರೆಗೆ ಶೂ ಹಾಕಿದರೆ ನಗುತ್ತಾರೆ ಎಂಬ ಯೋಚನೆ ಬಂದರೆ, ಕಾಲು ನಿಮ್ಮದು ಎಂಬುದನ್ನು ಅದರ ಪಕ್ಕದಲ್ಲೇ ಇಟ್ಟು ನೋಡಿ.

ಮೂರನೆಯದು ಹೊತ್ತು ಮತ್ತು ಜಾಗ. ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಬಿರುಸಿನ ಚಟುವಟಿಕೆ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಒಂದೇ ಸಲಕ್ಕೆ ಕನಿಷ್ಠ ಹತ್ತು ನಿಮಿಷ ಇರಲೇಬೇಕು ಎಂಬ ಹಳೆಯ ನಿಯಮವನ್ನೂ ಆಗ ಕೈಬಿಟ್ಟಿತು. ನಿಮಗೆ ಇದು ತುಂಬ ಅನುಕೂಲದ ಮಾತು. ಅರ್ಧ ಗಂಟೆಯನ್ನು ಮೂರು ಪಾಲು ಮಾಡಿ. ತಿಂಡಿ, ಮಧ್ಯಾಹ್ನದ ಊಟ, ರಾತ್ರಿ ಊಟ ಆದ ಮೇಲೆ ಹತ್ತು ಹತ್ತು ನಿಮಿಷ. ಉಂಡ ಮೇಲೆ ರಕ್ತದಲ್ಲಿ ಏರುವ ಸಕ್ಕರೆಯನ್ನು ತಗ್ಗಿಸಲು ಊಟದ ನಂತರದ ಈ ಸಣ್ಣ ನಡಿಗೆ ವಿಶೇಷವಾಗಿ ಒಳ್ಳೆಯದು. ಅನ್ನ ಹೆಚ್ಚು ಉಣ್ಣುವವರಿಗಂತೂ ಇನ್ನೂ ಒಳ್ಳೆಯದು. ಇದನ್ನು ಮನೆಯ ಅಂಗಳದಲ್ಲಿ, ಹಜಾರದಲ್ಲಿ, ಮಹಡಿಯ ಮೇಲೆ, ಎಲ್ಲಿ ಬೇಕಾದರೂ ಮಾಡಬಹುದು. ಯಾವ ರಸ್ತೆಗೂ ಇಳಿಯಬೇಕಿಲ್ಲ.

ಹೊರಗೆ ನಡೆಯುವ ಆಸೆ ಇದ್ದರೆ ಬಿಸಿಲು ಬಿದ್ದ ಮೇಲೆ ಒಂಬತ್ತೂವರೆಯ ಹೊತ್ತು, ಅಥವಾ ಸಂಜೆ ನಾಲ್ಕೂವರೆಯಿಂದ ಐದೂವರೆ ಒಳ್ಳೆಯದು. ಒಬ್ಬರೇ ಹೋಗಬೇಡಿ. ನಿಮ್ಮ ಬೀದಿಯಲ್ಲಿ ಸಕ್ಕರೆ ಕಾಯಿಲೆಯವರು, ಮಂಡಿ ನೋವಿನವರು ಇನ್ನೂ ಇಬ್ಬರಾದರೂ ಇದ್ದೇ ಇರುತ್ತಾರೆ. ನೀವು ಕರೆದರೆ ಬರುತ್ತಾರೆ. ಅವರೂ ಯಾರಾದರೂ ಕರೆಯಲಿ ಎಂದೇ ಕಾಯುತ್ತಿರಬಹುದು. ಶಾಲೆ ಬಿಟ್ಟ ಮೇಲೆ ಶಾಲೆಯ ಮೈದಾನ, ಇಲ್ಲವೇ ತ್ರಿಪುರಸುಂದರಿ ಅಮ್ಮನವರ ದೇವಸ್ಥಾನದ ಸುತ್ತಮುತ್ತ, ಎಲ್ಲಿ ಜನರ ಓಡಾಟ ಇರುತ್ತದೋ ಅಲ್ಲಿ. ಲಾರಿ ಓಡುವ ಮೇನ್ ರೋಡ್ ಬೇಡ. ಮೂವರು ಹೆಂಗಸರು ಒಟ್ಟಿಗೆ ನಡೆದರೆ ನಾಯಿಯೂ ದೂರ ಸರಿಯುತ್ತದೆ, ಮಾತಾಡುವವರ ಬಾಯಿಯೂ ಕಟ್ಟುತ್ತದೆ.

"ಎಲ್ಗವ್ವಾ ಹೊಂಟೆ?" ಎಂಬ ಪ್ರಶ್ನೆಗೆ ಒಂದು ಉತ್ತರ ಸಿದ್ಧ ಮಾಡಿಟ್ಟುಕೊಳ್ಳಿ. ಹಳ್ಳಿಯ ದಾರಿಯಲ್ಲಿ ಈ ಪ್ರಶ್ನೆ ಕೇಳುವುದು ಹೆಚ್ಚಿನ ಸಲ ಅಕ್ಕರೆಯಿಂದ. ನಮ್ಮಲ್ಲಿ ಹೆಂಗಸು ಹೊಸ್ತಿಲು ದಾಟಿದರೆ ನೀರಿಗೋ ಸೊಪ್ಪಿಗೋ ಅಂಗಡಿಗೋ ಗುಡಿಗೋ ಹೊರಟಿರಬೇಕು. ತನ್ನ ಮೈಗಾಗಿ ಹೊರಟವಳನ್ನು ಊರು ಇನ್ನೂ ಹೆಚ್ಚು ನೋಡಿಲ್ಲ, ಹಾಗಾಗಿ ನಗುತ್ತದೆ. "ಸಕ್ಕರೆ ಕಾಯ್ಲೆ ಬಂದದೆ, ಡಾಕ್ಟ್ರು ನಡಿಯಾಕೆ ಹೇಳವ್ರೆ" ಎಂದು ತಲೆ ಎತ್ತಿ ಹೇಳಿ. ಕಾಯಿಲೆ ಬಚ್ಚಿಡುವ ವಿಷಯವಲ್ಲ. ವಾರ ಕಳೆದರೆ ಕೇಳುವುದು ನಿಲ್ಲುತ್ತದೆ. ತಿಂಗಳು ಕಳೆದರೆ ಕೇಳಿದವರಲ್ಲೇ ಒಬ್ಬರು ನಿಮ್ಮ ಜೊತೆ ಹೆಜ್ಜೆ ಹಾಕುತ್ತಿರುತ್ತಾರೆ.

ಮಳೆ ಬಂದ ದಿನ, ಜೊತೆ ಸಿಗದ ದಿನ ಮನೆಯೊಳಗೇ ಹಾಡು ಹಾಕಿಕೊಂಡು ನಿಂತಲ್ಲೇ ಹೆಜ್ಜೆ ಹಾಕಿ. ಮೂಗೂರಿನವರಿಗೆ ನಾನು ಇದನ್ನು ಹೇಳಬೇಕೆ! ಮೈಸೂರು ಪ್ರಾಂತ್ಯದ ಭರತನಾಟ್ಯದಲ್ಲಿ ನಿಮ್ಮ ಊರಿನ ಹೆಸರಿನದೇ ಒಂದು ಪರಂಪರೆ ಇದೆ. ಜೇಜಮ್ಮನವರು, ಅಮೃತಪ್ಪನವರು ಮೂಗೂರಿನ ಹೆಸರು ಹೊತ್ತೇ ಹೆಸರಾದರು. ಸಿನಿಮಾದವರಿಗೆ ಹೆಜ್ಜೆ ಕಲಿಸಿದ ಮೂಗೂರು ಸುಂದರ್, ಅವರ ಮಗ ಪ್ರಭುದೇವ ಯಾರಿಗೆ ಗೊತ್ತಿಲ್ಲ? ಹತ್ತಡಿ ಕೋಣೆಯಲ್ಲಿ ಎರಡು ಮೂರು ಹಾಡಿನಷ್ಟು ಹೊತ್ತು ಮೊಣಕಾಲು ಎತ್ತಿ, ಕೈ ಬೀಸಿ ಹೆಜ್ಜೆ ಹಾಕಿದರೆ ಹತ್ತು ನಿಮಿಷದ ಬಿರುಸು ನಡಿಗೆಗೆ ಸಮ. ಬಿರುಸು ಎಷ್ಟಿರಬೇಕು ಎಂಬುದಕ್ಕೆ ಸುಲಭದ ಅಳತೆ ಇದೆ. ನಡೆಯುತ್ತಾ ಮಾತಾಡಲು ಆಗಬೇಕು, ಹಾಡಲು ಆಗಬಾರದು.

ಇದರ ಜೊತೆ ವಾರಕ್ಕೆ ಎರಡು ದಿನ ಕಾಲಿನ ಬಲಕ್ಕೆಂದು ಸ್ವಲ್ಪ ಕೆಲಸ. ಗಟ್ಟಿಯಾದ ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, ಗೋಡೆಗೆ ಕೈಯಿಟ್ಟು ತಳ್ಳುವುದು, ಹಿಮ್ಮಡಿ ಎತ್ತಿ ಇಳಿಸುವುದು. ಎಂಟು ಹತ್ತು ಸಲ ಸಾಕು. ಮಂಡಿಯ ನೋವಿಗೆ ತೊಡೆಯ ಬಲವೇ ದೊಡ್ಡ ಆಸರೆ. ಟ್ರೆಡ್‌ಮಿಲ್ ಇದ್ದರೂ ಈ ಕೆಲಸ ಅದು ಮಾಡಿಕೊಡುವುದಿಲ್ಲ, ನೆನಪಿರಲಿ.

ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕ ಬರೆಯುವ ಜಾಗದಲ್ಲೇ, ನಡೆದ ದಿನಕ್ಕೊಂದು ಗುರುತು ಹಾಕಿ. ವಾರಕ್ಕೆ ಐದು ದಿನ ಗುರಿ. ಒಂದು ದಿನ ತಪ್ಪಿದರೆ ಚಿಂತೆಯಿಲ್ಲ. ಒಟ್ಟಿಗೆ ಎರಡು ದಿನಕ್ಕಿಂತ ಹೆಚ್ಚು ತಪ್ಪಬಾರದು, ಏಕೆಂದರೆ ನಡಿಗೆಯಿಂದ ಮೈಗೆ ಬಂದ ಅನುಕೂಲ ಎರಡು ಮೂರು ದಿನದಲ್ಲಿ ಇಳಿದುಹೋಗುತ್ತದೆ. ಮೊದಲ ವಾರ ದಿನಕ್ಕೆ ಹತ್ತೇ ನಿಮಿಷ ಆದರೂ ಆಗಲಿ. ಆರು ವಾರದ ಮೂವತ್ತು ಗುರಿದಿನಗಳಲ್ಲಿ ಇಪ್ಪತ್ನಾಲ್ಕು ಗುರುತು ಬಿದ್ದರೆ ನೀವು ಗೆದ್ದಿರಿ.

ಆಮೇಲೂ ಬೇಕೆನಿಸಿದರೆ

ಗುರುತು ಬಿದ್ದ ಮೇಲೂ ಮಳೆಗಾಲ, ರಾತ್ರಿ ಊಟದ ನಂತರದ ಕತ್ತಲು, ಜೊತೆ ಸಿಗದ ದಿನಗಳು ಅಡ್ಡ ಬರುತ್ತಿವೆ ಎನಿಸಿದರೆ ಆಗ ಟ್ರೆಡ್‌ಮಿಲ್‌ಗೆ ಅರ್ಥವಿದೆ. ಮಗನಿಗೆ ಈ ಸಾಲುಗಳನ್ನು ಓದಿ ಹೇಳಿ.

ಮೋಟಾರಿನ ಬಲ ಕೇಳುವಾಗ, ಬಿಡದೆ ಓಡುವಾಗ ಅದು ಕೊಡುವ ಎಚ್‌ಪಿ ಎಷ್ಟು ಎಂದು ಕೇಳಬೇಕು. ಅಂಗಡಿಯವರು ದೊಡ್ಡ ಅಕ್ಷರದಲ್ಲಿ ಬರೆಯುವುದು ಒಂದು ಕ್ಷಣಕ್ಕೆ ಮುಟ್ಟುವ ಅತಿ ಹೆಚ್ಚಿನ ಎಚ್‌ಪಿಯನ್ನು. ನಡಿಗೆಗೆ ಬಿಡದೆ ಓಡುವ 2 ಎಚ್‌ಪಿ ಸಾಕು. ಹೊರುವ ತೂಕದ ಮಿತಿ 110 ಕೆಜಿಗೆ ಕಡಿಮೆ ಇರಬಾರದು. ಬೆಲ್ಟ್ ಸುಮಾರು 120 ಸೆಂಟಿಮೀಟರ್ ಉದ್ದ, 42ಕ್ಕಿಂತ ಹೆಚ್ಚು ಅಗಲ ಇರಲಿ. ಎರಡೂ ಬದಿ ಹಿಡಿಯಲು ಗಟ್ಟಿ ಕಂಬಿ, ಬಟ್ಟೆಗೆ ಸಿಕ್ಕಿಸಿಕೊಳ್ಳುವ ದಾರದ ಸೇಫ್ಟಿ ಕೀ ಇರಲೇಬೇಕು. ಮಡಚಿಡುವ, ಕಂಬಿಯೇ ಇಲ್ಲದ ತೆಳು ಮಿಷಿನ್‌ಗಳು ಅಗ್ಗಕ್ಕೆ ಸಿಗುತ್ತವೆ. ಹೊಸದಾಗಿ ನಡೆಯುವ, ಮಂಡಿ ನೋವಿರುವ ನಿಮಗೆ ಅದು ಬೇಡ. ಮೈಸೂರಿನ ಅಂಗಡಿಗೆ ಹೋಗಿ, ನಿಮ್ಮ ಶೂ ಹಾಕಿಕೊಂಡು, ಹತ್ತು ನಿಮಿಷ ನಡೆದು ನೋಡದೆ ಕೊಳ್ಳಬೇಡಿ. ರಿಪೇರಿಗೆ ಮೂಗೂರಿನವರೆಗೆ ಬರುತ್ತಾರೆಯೇ, ಬಂದರೆ ಯಾರ ಖರ್ಚು ಎಂಬುದನ್ನು ಬಿಲ್ಲಿನ ಮೇಲೆಯೇ ಬರೆಸಿಕೊಳ್ಳಿ. ಹಳ್ಳಿಗಳಲ್ಲಿ ಎಷ್ಟೋ ಮಿಷಿನ್‌ಗಳು ಮೂಲೆ ಸೇರುವುದು ಒಂದು ಸಣ್ಣ ಸರ್ಕೀಟು ಕೆಟ್ಟು, ಸರಿ ಮಾಡುವವರು ಬರದೆ. ಮೈಸೂರಿನಲ್ಲಿ ಯಾರೋ ಬಳಸದೆ ಬಿಟ್ಟ ಮಿಷಿನ್ ಕಡಿಮೆ ಬೆಲೆಗೆ ಸಿಕ್ಕರೂ ಈ ಪರೀಕ್ಷೆಗಳನ್ನೆಲ್ಲ ಮಾಡಿಯೇ ತನ್ನಿ.

ಕರೆಂಟಿನ ವಿಷಯ. ಸರಿಯಾದ ಅರ್ಥಿಂಗ್ ಇರುವ 16 ಆಂಪಿಯರ್ ಪ್ಲಗ್ಗು ಬೇಕು. ಸಂಜೆ ವೋಲ್ಟೇಜ್ ಇಳಿಯುವ ಬೀದಿಯಾದರೆ ಎಲೆಕ್ಟ್ರಿಷಿಯನ್‌ಗೆ ತೋರಿಸಿ ತಕ್ಕ ಸ್ಟೆಬಿಲೈಸರ್ ಹಾಕಿಸಿ. ಮನೆಯ ಇನ್ವರ್ಟರ್ ಮೇಲೆ ಓಡಿಸಬೇಡಿ. ನಡೆಯುವಾಗ ಕರೆಂಟ್ ಹೋದರೆ ಬೆಲ್ಟ್ ಒಮ್ಮೆಗೇ ನಿಲ್ಲಬಹುದು. ಕಂಬಿ ಕೈಗೆಟುಕುವಂತೆ ನಡೆಯಿರಿ. ಖರ್ಚಿನ ಲೆಕ್ಕ ಯಜಮಾನರಿಗೆ ಹೇಳಿ. ನಡಿಗೆಯ ವೇಗದಲ್ಲಿ ಸುಮಾರು 700 ವಾಟ್ ಎಂದಿಟ್ಟುಕೊಂಡರೆ, ದಿನಕ್ಕೆ ಅರ್ಧ ಗಂಟೆಯಂತೆ ತಿಂಗಳಿಗೆ ಹತ್ತು ಹನ್ನೊಂದು ಯೂನಿಟ್. ಸರ್ಕಾರದ ಗೃಹಜ್ಯೋತಿ ಯೋಜನೆಯ ಉಚಿತ ಕರೆಂಟಿನ ಮಿತಿಯನ್ನು ಮನೆಯ ಹಿಂದಿನ ಸರಾಸರಿ ನೋಡಿ ಕಟ್ಟಿರುತ್ತಾರೆ. ನಿಮ್ಮ ಬಿಲ್ಲಿನಲ್ಲಿ ಆ ಮಿತಿ ಎಷ್ಟು, ಈಗ ಎಷ್ಟು ಬಳಸುತ್ತಿದ್ದೀರಿ ಎಂದು ನೋಡಿಕೊಂಡರೆ ಮುಂದೆ ಜಗಳವಿರುವುದಿಲ್ಲ.

ಜಾಗದ ವಿಷಯದಲ್ಲಿ ಮೊಮ್ಮಗುವೇ ಮೊದಲು. 2021ರ ಮೇ ತಿಂಗಳಲ್ಲಿ ಅಮೆರಿಕದ ಪೆಲೋಟನ್ ಕಂಪನಿ ತನ್ನ ಒಂದು ಮಾದರಿಯ ಟ್ರೆಡ್‌ಮಿಲ್‌ಗಳನ್ನೆಲ್ಲ ಮಾರುಕಟ್ಟೆಯಿಂದ ವಾಪಸು ಕರೆಸಿಕೊಳ್ಳಬೇಕಾಯಿತು. ಮಕ್ಕಳು ಹಿಂಬದಿಯಿಂದ ಬೆಲ್ಟಿನ ಕೆಳಗೆ ಸೆಳೆತಕ್ಕೆ ಸಿಕ್ಕಿ ಗಾಯಗೊಂಡಿದ್ದರು, ಒಂದು ಮಗು ತೀರಿಕೊಂಡಿತ್ತು. ಹಾಗಾಗಿ ಮಿಷಿನ್ ಬಾಗಿಲು ಹಾಕಿಕೊಳ್ಳಬಹುದಾದ ಕೋಣೆಯಲ್ಲಿರಲಿ. ಹಿಂದೆ ಆರಡಿ ಖಾಲಿ ಇರಲಿ, ಗೋಡೆ ಬೇಡ. ನಡೆದು ಮುಗಿದ ಕೂಡಲೇ ಪ್ಲಗ್ ಕಿತ್ತು, ಸೇಫ್ಟಿ ಕೀ ತೆಗೆದು ಬೀರುವಿನಲ್ಲಿಡಿ. ಮಗು ಎಚ್ಚರವಿದ್ದು ಓಡಾಡುತ್ತಿರುವಾಗ ಮಿಷಿನ್ ಓಡಿಸಲೇಬೇಡಿ. ಸೀರೆ ಉಟ್ಟು ಹತ್ತಬೇಡಿ. ಚೂಡಿದಾರ್ ಹಾಕಿ, ವೇಲು ತೆಗೆದಿಡಿ. ಬತ್ತದ ಮೂಟೆ ಇಡುವ ಕೋಣೆಯಲ್ಲಿ ಇಡಬೇಡಿ. ಧೂಳು ಮೋಟಾರಿಗೆ ಆಗದು, ಇಲಿ ವೈರು ಕಡಿಯುತ್ತದೆ. ಬೆಲ್ಟಿಗೆ ಕಂಪನಿ ಹೇಳಿದ ಸಿಲಿಕೋನ್ ಎಣ್ಣೆ ಮಾತ್ರ. ಕೊಬ್ಬರಿ ಎಣ್ಣೆ, ಹೊಲಿಗೆ ಮಿಷಿನ್ ಎಣ್ಣೆ ಹಾಕಿದರೆ ಕೆಡುತ್ತದೆ.

ಶುರುವಿನಲ್ಲಿ ಗಂಟೆಗೆ 3 ಕಿಲೋಮೀಟರ್ ವೇಗ ಸಾಕು. ಅಭ್ಯಾಸವಾದಂತೆ ನಾಲ್ಕೂವರೆ, ಐದಕ್ಕೆ ಏರಿಸಿ. ಬೆಲ್ಟಿನಿಂದ ಇಳಿದ ಮೇಲೆ ನೆಲ ತೂಗಿದಂತೆ ಅನಿಸುವುದುಂಟು, ಒಂದು ನಿಮಿಷ ಕಂಬಿ ಹಿಡಿದು ನಿಲ್ಲಿ. ನಡೆಯುವಾಗ ಮಾತ್ರ ಕಂಬಿಗೆ ಜೋತು ಬೀಳಬೇಡಿ. ಮೈಯ ಭಾರವನ್ನು ಕೈ ಹೊತ್ತರೆ ಕಾಲಿಗೆ ಕೆಲಸವಿಲ್ಲದಂತಾಗುತ್ತದೆ.

ಮನೆಯವರ ಜೊತೆ ಮಾತು

ನಿಮ್ಮ ನಿಜವಾದ ಕಷ್ಟ ಇರುವುದು ಇಲ್ಲಿ. ಮಿಷಿನ್ ಮೇಲೆ ಹತ್ತಿದ ಐದನೇ ನಿಮಿಷಕ್ಕೆ ಅತ್ತೆ ಕೂಗಿದರೆ, ಯಜಮಾನರು ಕಾಫಿ ಕೇಳಿದರೆ, ಬಾಗಿಲಲ್ಲಿ ಯಾರೋ ಬಂದರೆ, ನೀವು ಇಳಿದು ಹೋಗುತ್ತೀರಿ. ಮತ್ತೆ ಹತ್ತುವುದಿಲ್ಲ. ಎಷ್ಟೋ ಮನೆಗಳಲ್ಲಿ ಹೀಗೇ ಆಗುತ್ತದೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಹೆಂಗಸನ್ನು ಯಾರೂ ಬೇರೆ ಕೆಲಸಕ್ಕೆ ಕರೆಯುವುದಿಲ್ಲವಲ್ಲ, ನಡೆಯುವ ಹೊತ್ತಿಗೂ ಮನೆಯಲ್ಲಿ ಅಂಥದೇ ಮರ್ಯಾದೆ ಸಿಗಬೇಕು. ಅದು ತಾನಾಗಿ ಸಿಗುವುದಿಲ್ಲ, ಕೇಳಿ ಪಡೆಯಬೇಕು.

ರಾತ್ರಿ ಊಟಕ್ಕೆ ಎಲ್ಲರೂ ಕೂತಾಗ ಹೇಳಿ. ಜಗಳದ ದನಿಯಲ್ಲಿ ಬೇಡ, ಅಳುವ ದನಿಯಲ್ಲೂ ಬೇಡ. "ನನ್ನ ಸಕ್ಕರೆ ಎಂಟು ದಾಟಿದೆ. ಹೀಗೇ ಬಿಟ್ಟರೆ ಕಣ್ಣು, ಕಿಡ್ನಿ, ಕಾಲಿಗೆ ತೊಂದರೆಯಾಗುತ್ತದೆ. ನಾನು ಮಲಗಿದರೆ ನೋಡಿಕೊಳ್ಳುವವರು ಯಾರು? ತಿಂಡಿ ಆದ ಮೇಲೆ ಹತ್ತು ನಿಮಿಷ, ಊಟ ಆದ ಮೇಲೆ ಹತ್ತು, ರಾತ್ರಿ ಹತ್ತು. ಆ ಹೊತ್ತು ನನ್ನನ್ನು ಕರೆಯಬೇಡಿ." ಇಷ್ಟೇ ಸಾಕು. ಅತ್ತೆಯವರನ್ನು ಲೆಕ್ಕ ಇಡಲು ಕೂರಿಸಿ. ಕ್ಯಾಲೆಂಡರಿನಲ್ಲಿ ಗುರುತು ಹಾಕುವ ಕೆಲಸ ಅವರದಾಗಲಿ. ನಿಮ್ಮ ಮನೆಯ ಸಂಸಾರವನ್ನು ಅಷ್ಟು ವರ್ಷ ನಡೆಸಿದವರಿಗೆ ಶಿಸ್ತು ಏನೆಂದು ಗೊತ್ತು. ಅವರನ್ನು ಎದುರಿಗಿಟ್ಟುಕೊಳ್ಳುವುದಕ್ಕಿಂತ ಜೊತೆಗಿಟ್ಟುಕೊಳ್ಳಿ. ಯಜಮಾನರನ್ನು ರಾತ್ರಿಯ ಹತ್ತು ನಿಮಿಷಕ್ಕೆ ಜೊತೆ ಕರೆಯಿರಿ. ಬಂದರೆ ಅವರಿಗೂ ಒಳ್ಳೆಯದು. ಬರದಿದ್ದರೂ ನಿಮ್ಮ ನಡಿಗೆ ನಿಲ್ಲದಿರಲಿ.

ಮಗನಿಗೆ ಹೇಳಿ: "ದುಡ್ಡು ನಿನ್ನ ಹತ್ತಿರವೇ ಇರಲಿ ಮಗನೇ. ಈಗ ಶೂ ಕಳಿಸು, ಸಕ್ಕರೆ ನೋಡುವ ಮೀಟರ್ ಕಳಿಸು. ರಾತ್ರಿ ಊಟ ಆದ ಮೇಲೆ ನಾನು ನಡೆಯುವಾಗ ಫೋನ್ ಮಾಡು, ಮಾತಾಡಿಕೊಂಡು ನಡೆಯುತ್ತೀನಿ." ತಾಯಿಗೆ ಏನಾದರೂ ಮಾಡಬೇಕೆಂಬ ಅವನ ಆಸೆಗೆ ಅಲ್ಲಿ ಕೆಲಸ ಸಿಗುತ್ತದೆ, ನಿಮ್ಮ ನಡಿಗೆಗೂ ಒಂದು ಕಾರಣ ಹೆಚ್ಚಾಗುತ್ತದೆ.

ಮೂರು ತಿಂಗಳಿಗೆ ಮತ್ತೆ ಆ ಸರಾಸರಿ ಸಕ್ಕರೆಯ ಪರೀಕ್ಷೆ ಮಾಡಿಸಿ. ಆ ಪರೀಕ್ಷೆ ಹಿಂದಿನ ಎರಡು ಮೂರು ತಿಂಗಳ ಕತೆ ಹೇಳುತ್ತದೆ, ಅದಕ್ಕಿಂತ ಮುಂಚೆ ಅವಸರಪಟ್ಟು ಪ್ರಯೋಜನವಿಲ್ಲ. ಅಲ್ಲಿಯವರೆಗೆ ಮಾತ್ರೆ ನಿಲ್ಲಿಸಬೇಡಿ. ತಟ್ಟೆಯಲ್ಲಿ ಅನ್ನ ಸ್ವಲ್ಪ ಕಡಿಮೆ, ಸೊಪ್ಪು, ಕಾಳು, ತರಕಾರಿ ಹೆಚ್ಚು ಇರಲಿ. ತೂಕ ಇಳಿಯುವುದು ನಿಧಾನವಾದರೆ ಎದೆಗುಂದಬೇಡಿ. ತೂಕ ಇಳಿಯುವ ಮೊದಲೇ ಸಕ್ಕರೆ, ನಿದ್ದೆ, ಮಂಡಿ ಸುಧಾರಿಸುವುದು ಎಷ್ಟೋ ಜನರಲ್ಲಿ ಕಾಣುತ್ತದೆ.

ನೀವು ಅತ್ತೆಗೆ, ಗಂಡನಿಗೆ, ಮಕ್ಕಳಿಗೆ, ಹುಳುವಿಗೂ ಹೊತ್ತು ಹೊತ್ತಿಗೆ ಉಣಿಸಿದವರು. ನಿಮ್ಮ ಮೈಗೂ ದಿನಕ್ಕೆ ಅರ್ಧ ಗಂಟೆ ಕೊಡುವುದು ಯಾರಿಂದಲೂ ಕಸಿದುಕೊಂಡದ್ದಾಗುವುದಿಲ್ಲ. ಅದು ನಿಮ್ಮ ಹಕ್ಕು, ಮನೆಯ ಅಗತ್ಯವೂ ಹೌದು. ಟ್ರೆಡ್‌ಮಿಲ್ಲಿನ ತೀರ್ಮಾನ ಆರು ವಾರ ಕಾಯಬಹುದು. ಮೊದಲ ಹತ್ತು ನಿಮಿಷ ಕಾಯಬಾರದು. ನಾಳೆ ತಿಂಡಿ ಆದ ಮೇಲೆ ಶುರು ಮಾಡಿ.